ಕೊಳೆಯುವ ಕಲ್ಲು

ಎಲೆಯಡಿಕೆ ಹಾಕುವವನಿಗೆ ಸುಣ್ಣದ ವಿಷಯದಲ್ಲಿರುವಷ್ಟು ಹಟ ಬೇರೆ ಯಾವುದರಲ್ಲೂ ಇರುವುದಿಲ್ಲ. ಎಲೆ ಬಲಿತಿದ್ದರೆ ಸಹಿಸಿಕೊಳ್ಳುತ್ತಾನೆ, ಅಡಿಕೆ ಗಟ್ಟಿಯಿದ್ದರೆ ಬೈದುಕೊಂಡಾದರೂ ಅಗಿಯುತ್ತಾನೆ. ಸುಣ್ಣ ಮಾತ್ರ ತಾನು ಒಪ್ಪಿದ್ದೇ ಆಗಬೇಕು. ನಾನೂ ಅಂಥವನೇ. ಮೈಸೂರಿನ ಒಂಟಿಕೊಪ್ಪಲಿನಲ್ಲಿ ಬಾಡಿಗೆ ಮನೆ ಹಿಡಿದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದಷ್ಟು ಕಾಲವೂ ನನ್ನ ಡಬ್ಬಿಗೆ ಬೋರಮ್ಮನ ಸುಣ್ಣವಲ್ಲದೆ ಬೇರೆಯದು ಬೀಳಲಿಲ್ಲ. ಭಾನುವಾರ ಬೆಳಿಗ್ಗೆ ಸೈಕಲ್ ಹತ್ತಿ ಕೆ.ಆರ್.ಎಸ್. ರಸ್ತೆಯಲ್ಲಿ ಮೇಟಗಳ್ಳಿಯ ಕಡೆ ಹೊರಟರೆ ದೂರದಿಂದಲೇ ಅವಳ ಗೂಡಿನ ಹೊಗೆ ಕಾಣುತ್ತಿತ್ತು. ಈಗಿನ ಹಾಗೆ ಅಲ್ಲಿ ಕಾರ್ಖಾನೆಗಳ ಸಾಲು ಇರಲಿಲ್ಲ. ರಾಗಿ ಹೊಲ, ಒಂದು ದೊಡ್ಡ ಹೊಂಗೆ ಮರ, ಅದರ ಪಕ್ಕ ಆ ಗೂಡು, ಅಷ್ಟೆ.

ಸುಣ್ಣದ ಗೂಡೆಂದರೆ ಇಟ್ಟಿಗೆಯಲ್ಲಿ ಕಟ್ಟಿದ, ಆಳೆತ್ತರವನ್ನೂ ಮೀರಿದ ಒಂದು ದೊಡ್ಡ ಒಲೆ. ಒಳಗೆ ಒಂದು ಪದರ ಸೌದೆ, ಒಂದು ಪದರ ಸುಣ್ಣಕಲ್ಲು, ಹೀಗೆ ತುಂಬಿ ಕೆಳಗಿನಿಂದ ಬೆಂಕಿ ಕೊಟ್ಟರೆ ಕಲ್ಲು ಬೆಂದು ಹಗುರಾಗುತ್ತದೆ. ಬೆಂದ ಕಲ್ಲಿಗೆ ನೀರು ಹನಿಸಿದರೆ ಬುಸುಗುಟ್ಟಿ ಅರಳಿ ಹಿಟ್ಟಾಗುತ್ತದೆ. ಆ ಹಿಟ್ಟಿನಿಂದಲೇ ಮೈಸೂರಿನ ಗೋಡೆಗಳು ಎದ್ದವು, ಮೈಸೂರಿನ ಬಾಯಿಗಳು ಕೆಂಪಾದವು. ಬೋರಮ್ಮನ ಗಂಡ ಬೀರಯ್ಯ ಸ್ವಾತಂತ್ರ್ಯ ಬಂದ ವರ್ಷ ಎದೆಯ ಕಾಯಿಲೆಯಲ್ಲಿ ತೀರಿಕೊಂಡ. ಗೂಡನ್ನು ಯಾರಿಗಾದರೂ ವಹಿಸಿಬಿಡು ಎಂದು ನೆಂಟರೆಲ್ಲ ಹೇಳಿದರಂತೆ. "ಬೆಂಕಿಗೆ ಗಂಡ್ಸು ಎಂಗ್ಸು ಗೊತ್ತಾಯ್ತದಾ?" ಎಂದು ಕೇಳಿ, ತಿಥಿ ಮುಗಿದ ಮರುದಿನವೇ ಅವಳು ಗೂಡು ತುಂಬಲು ನಿಂತಳು. ಒಬ್ಬಳೇ ಮಗಳು ಸುಂದರಮ್ಮ ಆಗಿನ್ನೂ ಲಂಗ ಉಡುವ ಹುಡುಗಿ.

ಬೋರಮ್ಮ ಕುಳ್ಳಗೆ ಒಣಕಲಾಗಿದ್ದಳು. ಅಂಗೈ ಸುಣ್ಣ ತಿಂದು ತಿಂದು ಬಿರುಕುಬಿಟ್ಟಿತ್ತು. ಮಾತು ಕಡಿಮೆ, ಆಡಿದರೆ ಎದುರಾಡಲು ಸಂದು ಬಿಡದ ಮಾತು. ಚೌಕಾಸಿ ಮಾಡಿದರೆ ಖಾಲಿ ಡಬ್ಬಿಯನ್ನು ವಾಪಸು ಕೈಗಿಟ್ಟುಬಿಡುತ್ತಿದ್ದಳು. ನನಗೆ ಅವಳ ಮೇಲೆ ಕೋಪವೂ ಇತ್ತು, ಗೌರವವೂ ಇತ್ತು. ಯಾವುದು ಹೆಚ್ಚು ಎನ್ನುವುದು ಆಯಾ ಭಾನುವಾರದ ಮೇಲೆ ನಿಂತಿರುತ್ತಿತ್ತು.

ಆ ಗೂಡಿಗೆ ಒಂದು ಕಟ್ಟಳೆಯಿತ್ತು. ಬೆಂಕಿ ಇಕ್ಕುವ ಹಿಂದಿನ ಸಂಜೆ ಬೋರಮ್ಮ ಮೊರದಲ್ಲಿ ರಾಗಿ ಹಿಟ್ಟು ತಂದು ಗೂಡಿನ ಬಾಯಿಂದ ಹೊಂಗೆ ಮರದ ಬುಡದವರೆಗೆ ಸಣ್ಣ ಗೆರೆಯಾಗಿ ಉದುರಿಸುತ್ತಿದ್ದಳು. ಆಮೇಲೆ ಕೋಲಿನಿಂದ ಗೂಡಿನ ಗೋಡೆಯನ್ನು ಸುತ್ತಲೂ ತಟ್ಟುತ್ತ, "ಜೀವ ಇರೋವೆಲ್ಲಾ ಎದ್ ಬನ್ರಪ್ಪಾ, ನಾಳೀಕೆ ಬೆಂಕಿ" ಎಂದು ಕೂಗುತ್ತಿದ್ದಳು. ಕಲ್ಲು ಸೌದೆಯ ಸಂದಿಯಲ್ಲಿ ಸೇರಿಕೊಂಡ ಇರುವೆ, ಹಲ್ಲಿ, ಚೇಳು, ಒಮ್ಮೊಮ್ಮೆ ಹಾವು ಕೂಡ, ಹಿಟ್ಟಿಗೋ ಸದ್ದಿಗೋ ಹೊರಬರುತ್ತಿದ್ದವು. ಬೆಳಿಗ್ಗೆ ಹಿಟ್ಟಿನ ಗೆರೆಯಲ್ಲಿ ಇರುವೆ ಇನ್ನೂ ಸಾಗುತ್ತಿದ್ದರೆ ಆ ಸಾಲು ಮುಗಿಯುವವರೆಗೂ ಅವಳು ಕೊಳ್ಳಿ ಹಿಡಿದುಕೊಂಡು ಕಾಯುತ್ತಿದ್ದಳು. ಕೆಲಸದವರು ಗೊಣಗಿದರೆ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಈ ಕಟ್ಟಳೆ ಬಂದದ್ದು ಅವಳ ಅತ್ತೆ ಮಾದೇವಮ್ಮನಿಂದ. ಅತ್ತೆಯ ಕಾಲದಲ್ಲಿ ಒಮ್ಮೆ ನೋಡದೆ ಬೆಂಕಿ ಕೊಟ್ಟು, ಒಳಗೆ ಮರಿ ಹಾಕಿದ್ದ ಮುಂಗುಸಿಯೊಂದು ಮರಿಗಳ ಸಮೇತ ಬೆಂದುಹೋಗಿತ್ತು. ಅದರ ಕೂಗು ಕೇಳಿದ ಮಾದೇವಮ್ಮ ಎಷ್ಟೋ ದಿನ ಅನ್ನ ಮುಟ್ಟಲಿಲ್ಲವಂತೆ. ಸಾಯುವಾಗ ಸೊಸೆಯ ಕೈ ಹಿಡಿದು, ಮನೆ ಒಡವೆಯ ಮಾತು ಯಾವುದೂ ಆಡದೆ, "ಈ ಗೂಡ್ನಲ್ಲಿ ಜೀವ ಬೇಯಬಾರ್ದು" ಎಂದಷ್ಟೇ ಹೇಳಿ ಕಣ್ಣು ಮುಚ್ಚಿದಳು. ಬೋರಮ್ಮ ಆ ಮಾತನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಿದ್ದಳು. ಅದನ್ನು ಉಳಿಸಿಕೊಂಡು ಬಂದಿದ್ದೇನೆ ಎನ್ನುವುದೊಂದೇ ಅವಳು ಬಾಯಿಬಿಟ್ಟು ಹೊಡೆಯುತ್ತಿದ್ದ ಜಂಬ. ಬೋಗಾದಿಯ ಗೂಡಿನ ನಿಂಗಯ್ಯ, ಚಾಮುಂಡಿ ಬೆಟ್ಟದ ಬುಡದಲ್ಲಿದ್ದ ಇನ್ನೊಂದು ಗೂಡಿನವನು, ಇಬ್ಬರೂ ಅವಳನ್ನು ನೋಡಿಯೇ ಹಿಟ್ಟು ಹಾಕಲು ಕಲಿತಿದ್ದರು.

ನಮ್ಮ ಕಡೆಯ ಸುಣ್ಣಕಲ್ಲು ಹೊಲದ ಮಣ್ಣಿನಲ್ಲಿ ಸಿಗುವ ಉಂಡೆಗಲ್ಲು. ಸುಟ್ಟರೆ ಬೂದಿ ಬಣ್ಣದ ಸುಣ್ಣ ಬರುತ್ತದೆ. ಗಟ್ಟಿಯೇನೋ ಹೌದು, ಬಿಳುಪಿಲ್ಲ. ಐವತ್ತರ ದಶಕದ ಮೊದಲಲ್ಲಿ ಜವರಯ್ಯ ಎಂಬ ಲಾರಿ ಡ್ರೈವರು ರಾಮೇಶ್ವರದ ಕಡೆಗೆ ಸರಕು ಹಾಕಿಕೊಂಡು ಹೋದವನು, ಖಾಲಿ ಯಾಕೆ ಬರಬೇಕೆಂದು ಅಲ್ಲಿನ ಕಡಲ ದಂಡೆಯಿಂದ ಒಂದು ಲೋಡು ಕಲ್ಲು ತುಂಬಿ ತಂದ. ಕೆಲವು ಜೇನುತಟ್ಟಿಯ ಹಾಗೆ ತೂತು ತೂತು, ಕೆಲವು ಹೂಕೋಸಿನ ಹಾಗೆ ಗೊಂಚಲು. ಸುಟ್ಟು ಅರಳಿಸಿದರೆ ಹಾಲಿನ ಕೆನೆಯಂಥ ಸುಣ್ಣ. ಗಾರೆಯವರು ಅದನ್ನು ಗೋಡೆಗೆ ಬಳಿದು ಉಜ್ಜಿದರೆ ಮುಖ ಕಾಣುತ್ತಿತ್ತು. ಬಾಯಿಗೆ ಹಾಕಿದರೆ ನಾಲಿಗೆ ಸುಡುತ್ತಿರಲಿಲ್ಲ. ಬೋರಮ್ಮನ ಹೆಸರು ಊರಿಗೆಲ್ಲ ಹಬ್ಬಿದ್ದು ಆ ಸಮುದ್ರದ ಕಲ್ಲಿನಿಂದ. ಉಳಿದ ಎರಡು ಗೂಡಿನವರೂ ತರಿಸಲು ಶುರುಮಾಡಿದರು.

ತೊಂದರೆಯೆಂದರೆ ವಾಸನೆ. ಲಾರಿ ಬಂದ ದಿನ ಮೇಟಗಳ್ಳಿಗೆ ಮೇಟಗಳ್ಳಿಯೇ ಮೂಗು ಮುಚ್ಚಿಕೊಳ್ಳುತ್ತಿತ್ತು. "ಬೆಸ್ತರ ದೋಣೀಲಿ ಬಂದದ್ದಲ್ವಾ, ಮೀನ್ ವಾಸ್ನೆ ಅಂಟ್ಕೊಂಡದೆ" ಎಂದು ಬೋರಮ್ಮ ಆ ಕಲ್ಲನ್ನು ಒಂದು ಮಳೆಗಾಲ ಬಯಲಲ್ಲಿ ನೆನೆಯಲು ಬಿಟ್ಟು, ವಾಸನೆ ಹೋದ ಮೇಲೆ ಗೂಡಿಗೆ ಸೇರಿಸುತ್ತಿದ್ದಳು. ಆಗಲೂ ಹಿಟ್ಟು ಹಾಕುತ್ತಿದ್ದಳು, ತಟ್ಟುತ್ತಿದ್ದಳು, ಕೂಗುತ್ತಿದ್ದಳು.

ಕನ್ನಡದವರೆಲ್ಲ ಒಂದೇ ರಾಜ್ಯವಾದ ಮರುವರ್ಷದ ಬೇಸಿಗೆ ರಜೆಯಲ್ಲಿ ನನ್ನ ತಾಯಿ ಅಂಬುಜಮ್ಮ ರಾಮೇಶ್ವರಕ್ಕೆ ಹೋಗಲೇಬೇಕೆಂದು ಹಟ ಹಿಡಿದಳು. ಸುದ್ದಿ ಬೋರಮ್ಮನ ಕಿವಿಗೂ ಬಿತ್ತು.

"ಅಮ್ಮಾವ್ರ ಜತೇಲಿ ನಾನೂ ಬತ್ತೀನಿ ಮೇಷ್ಟ್ರೇ. ದೇವ್ರ್ ನೋಡ್ದಂಗೂ ಆಯ್ತದೆ, ನನ್ ಕಲ್ ಬರೋ ಗಣಿಗೆ ಒಂದ್ ಕಾಯಿ ಒಡ್ದಂಗೂ ಆಯ್ತದೆ" ಎಂದಳು.

ಹೊಸ ಗಣಿಯಿಂದ ಕಲ್ಲು ತಂದರೆ ಅಲ್ಲಿಗೆ ಹೋಗಿ ಅರಿಶಿನ ಕುಂಕುಮವಿಟ್ಟು ಕಾಯಿ ಒಡೆದು ಬರುವುದು ಅವರ ಮನೆಯ ಪದ್ಧತಿ. ಇಷ್ಟು ವರ್ಷ ಕಲ್ಲು ಸುಟ್ಟೂ ಗಣಿಗೆ ಪೂಜೆ ಸಲ್ಲಿಸಿಲ್ಲವಲ್ಲ ಎನ್ನುವುದು ಅವಳ ಕೊರಗಾಗಿತ್ತು. ಹೊರಡುವ ಮುಂಚೆ ಮಗಳಿಗೆ ಕೆಲಸ ಹೇಳಿದಳು. ಸಿದ್ದಮಲ್ಲಪ್ಪ ಎನ್ನುವ ಸಾಹುಕಾರರು ನಗರದಲ್ಲಿ ಹೊಸದಾಗಿ ಛತ್ರ ಕಟ್ಟಿಸುತ್ತಿದ್ದರು. ಒಳಗೋಡೆಗಳಿಗೆಲ್ಲ ಬೋರಮ್ಮನ ಬಿಳಿ ಸುಣ್ಣವೇ ಬೇಕೆಂದಿದ್ದರು. ಅಷ್ಟು ದೊಡ್ಡ ಕೆಲಸ ಆ ಗೂಡಿಗೆ ಎಂದೂ ಬಂದಿರಲಿಲ್ಲ. ಅವಳು ಬರುವಷ್ಟರಲ್ಲಿ ಸುಂದರಮ್ಮ ಗೂಡು ತುಂಬಿಟ್ಟಿರಬೇಕು, ಬೆಂಕಿಯನ್ನು ಮಾತ್ರ ತಾನೇ ಬಂದು ಇಕ್ಕುವುದು ಎಂದು ಮಾತಾಯಿತು.

ದೇವರ ದರ್ಶನ, ತೀರ್ಥಸ್ನಾನ ಎಲ್ಲ ಮುಗಿದ ಮೇಲೆ ತಾಯಿಯನ್ನು ನಾವು ಇಳಿದಿದ್ದ ಛತ್ರದಲ್ಲಿ ಬಿಟ್ಟು, ಬೋರಮ್ಮನನ್ನು ಕರೆದುಕೊಂಡು ಹತ್ತಿರದ ಮಂಟಪ ಎಂಬ ಊರಿನ ಕಡಲ ದಂಡೆಗೆ ಹೋದೆ. ನನ್ನ ಮುರುಕು ತಮಿಳಿನಲ್ಲಿ ಕಲ್ಲು ತೆಗೆಯುವ ಜಾಗ ಎಲ್ಲಿ ಎಂದು ವಿಚಾರಿಸಿದೆ. ಒಬ್ಬ ಮುದುಕ ತನ್ನ ದೋಣಿಯಲ್ಲಿ ಕರೆದೊಯ್ಯಲು ಒಪ್ಪಿದ. ಬೋರಮ್ಮ ಮಡಿಲಲ್ಲಿ ತೆಂಗಿನಕಾಯಿ ಇಟ್ಟುಕೊಂಡು, ಎರಡೂ ಕೈಯಲ್ಲಿ ದೋಣಿಯ ಅಂಚು ಹಿಡಿದು ಕುಳಿತಳು. ಗಣಿಯೆಂದರೆ ನೆಲದಲ್ಲಿ ಗುಂಡಿ ಇರಬೇಕಲ್ಲ, ಇವನು ನೀರಿನ ಮೇಲೆ ಎಲ್ಲಿಗೆ ಕರೆದೊಯ್ಯುತ್ತಿದ್ದಾನೆ ಎಂದು ಅವಳಿಗೆ ಅನುಮಾನ.

ದಂಡೆಯಿಂದ ಸ್ವಲ್ಪ ದೂರ ಹೋದ ಮೇಲೆ ಮುದುಕ ದೋಣಿ ನಿಲ್ಲಿಸಿ, ನಮ್ಮ ಮುಂದೆ ಒಂದು ಮರದ ಪೆಟ್ಟಿಗೆ ಇಟ್ಟ. ತಳಕ್ಕೆ ಗಾಜು ಕೂರಿಸಿತ್ತು. ಅದನ್ನು ನೀರಿಗೆ ಒತ್ತಿ ಹಿಡಿದು ಮೇಲಿನಿಂದ ಇಣುಕಿದರೆ ಅಲೆಯ ಹೊಳಪು ಅಡ್ಡ ಬಾರದೆ ಸಮುದ್ರದ ತಳವೇ ಕಾಣುತ್ತದೆ. ಮೊದಲು ನಾನು ನೋಡಿದೆ. ಬಣ್ಣ ಎಂದರೆ ಏನೆಂದು ಮಕ್ಕಳಿಗೆ ಹೇಳಿಕೊಟ್ಟು ಸಂಬಳ ಎಣಿಸುತ್ತಿದ್ದವನು ನಾನು. ಅಂದು ನನ್ನ ಬಣ್ಣದ ಪೆಟ್ಟಿಗೆಯ ಬಗ್ಗೆ ನನಗೇ ನಾಚಿಕೆಯಾಯಿತು. ಅಂಗೈಯಗಲದ ಹಳದಿ ಮೀನು, ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡದ್ದು, ಜೋಡಿ ಜೋಡಿಯಾಗಿ ಹೋಗುತ್ತಿತ್ತು. ಕಪ್ಪು ಗೆರೆ ಎಳೆದ ಪುಟ್ಟ ಮೀನುಗಳ ಹಿಂಡೊಂದು ಒಟ್ಟಿಗೇ ತಿರುಗಿ ಒಟ್ಟಿಗೇ ನಿಲ್ಲುತ್ತಿತ್ತು. ಹಸಿರು ನೀಲಿ ಬೆರೆತ ದಪ್ಪ ಮೀನೊಂದು ಗಿಣಿಯ ಕೊಕ್ಕಿನಂಥ ಬಾಯಿಯಿಂದ ಕಲ್ಲನ್ನು ಕಟಕಟನೆ ಕಡಿಯುತ್ತಿತ್ತು.

"ನೋಡಿ ಬೋರಮ್ಮ" ಎಂದು ಪೆಟ್ಟಿಗೆ ಕೊಟ್ಟೆ.

ಅವಳು ಬಗ್ಗಿದವಳು ಏಳಲೇ ಇಲ್ಲ. ಕರೆದರೆ "ಊಂ" ಎನ್ನುತ್ತಿದ್ದಳು. ಸ್ವಲ್ಪ ಹೊತ್ತಿಗೆ ನಗು ಕೇಳಿಸಿತು. ಬೋರಮ್ಮ ಹಾಗೆ ಬಿಟ್ಟು ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. "ಅಯ್ ಶಿವ್ನೇ, ಅದ್ರ ಒಯ್ಯಾರ ನೋಡು! ಮದಲಗಿತ್ತಿ ನಡ್ದಂಗ್ ನಡೀತದೆ!" ಎಂದು ನೀರಿನೊಳಗಿನ ಮೀನಿನೊಡನೆಯೇ ಮಾತಾಡುತ್ತಿದ್ದಳು. ಮಡಿಲಿನ ಕಾಯಿ ಉರುಳಿ ದೋಣಿಯ ತಳಕ್ಕೆ ಬಿದ್ದದ್ದೂ ಗೊತ್ತಾಗಲಿಲ್ಲ.

ಆಮೇಲೆ ನಗು ನಿಂತಿತು. ತಲೆಯೆತ್ತದೆಯೇ ಕೇಳಿದಳು, "ಮೇಷ್ಟ್ರೇ, ಆ ಮೀನ್ ಕೆಳಗಡೆ ಇರೋದು ನನ್ ಕಲ್ಲಲ್ವಾ?"

ಹೌದು, ಅದೇ ಹೂಕೋಸು, ಅದೇ ಜೇನುತಟ್ಟಿ. ಆದರೆ ಬಿಳಿಯಲ್ಲ. ಕಂದು, ಹಸಿರು, ನೇರಳೆ. ಅದರ ಮೈಮೇಲೆ ನವಿರಾದ ಏನೋ ಆಡುತ್ತಿತ್ತು. ನಾನು ಮುದುಕನನ್ನು ಕೇಳಿದೆ. ಅವನು ಹೇಳಿದ್ದನ್ನು ಅವಳಿಗೆ ಕನ್ನಡದಲ್ಲಿ ಹೇಳಿದೆ. ಇದು ಬೆಳೆಯುವ ಕಲ್ಲು. ಸಣ್ಣ ಸಣ್ಣ ಹುಳುಗಳು ಸೇರಿ ಕಟ್ಟುತ್ತವೆ, ಹುಳು ಬದುಕಿರುವಷ್ಟು ದಿನ ಕಲ್ಲಿಗೂ ಜೀವ. ಮುದುಕನ ಅಜ್ಜ ಕಂಡಾಗ ಮೊಳಕಾಲುದ್ದ ಇದ್ದದ್ದು ಈಗ ಸೊಂಟದವರೆಗೆ ಬಂದಿದೆ. ಮೀನಿಗೆ ಅದು ಮನೆ, ದಂಡೆಯ ಊರುಗಳಿಗೆ ಬೇಲಿ, ದೊಡ್ಡ ಅಲೆಗಳು ಅದಕ್ಕೆ ಬಡಿದೇ ಮುರಿಯುತ್ತವೆ. ಬೋರಮ್ಮ ಕಲ್ಲು ತೆಗೆಯುವಲ್ಲಿಗೆ ಹೋಗೋಣ ಎಂದು ಕೈಸನ್ನೆ ಮಾಡಿದಳು.

ಅಲ್ಲಿ ನಾಲ್ಕಾರು ಜನ ಎದೆಮಟ್ಟ ನೀರಿನಲ್ಲಿ ನಿಂತು ಹಾರೆ ಹಾಕಿ ಕಲ್ಲು ಮೀಟುತ್ತಿದ್ದರು. ನಾವು ಪಕ್ಕಕ್ಕೆ ಹೋದಾಗ ಒಂದು ದೊಡ್ಡ ಗೊಂಚಲನ್ನು ಎತ್ತಿ ತಮ್ಮ ದೋಣಿಗೆ ಹಾಕಿದರು. ದೋಣಿಯಲ್ಲಿದ್ದವನು ಅದನ್ನು ಒಡೆಯಲು ಹಾರೆಯ ಹಿಂಬದಿಯಿಂದ ತಟ್ಟಿದ. ತಟ್ಟಿದೊಡನೆ ತೂತುಗಳಿಂದ ಬೆರಳುದ್ದದ ಮೀನುಗಳು, ಉಗುರಿನಷ್ಟು ಏಡಿಗಳು ಹೊರಬಿದ್ದು ಹಲಗೆಯ ಮೇಲೆ ಒದ್ದಾಡತೊಡಗಿದವು. ಅವನು ಮತ್ತೆ ತಟ್ಟಿದ. ಮತ್ತೊಂದಷ್ಟು ಬಂದವು.

ಬೋರಮ್ಮ ಎದ್ದು ನಿಂತಳು. ದೋಣಿ ಓಲಾಡಿತು, ಮುದುಕ ಕೂಗಿದ. ಅವಳು ಆ ದೋಣಿಯ ಅಂಚು ಹಿಡಿದು ಬಗ್ಗಿ, ಕೈಗೆ ಸಿಕ್ಕ ಮೀನುಗಳನ್ನು ಬೊಗಸೆಯಲ್ಲಿ ಬಾಚಿ ಬಾಚಿ ನೀರಿಗೆ ಬಿಟ್ಟಳು. ಕಲ್ಲಿನಿಂದ ಲೋಳೆ ಸುರಿಯುತ್ತಿತ್ತು. ಆ ದೋಣಿಯ ಇನ್ನೊಂದು ಬದಿಯಲ್ಲಿ ಹಿಂದಿನ ದಿನ ತೆಗೆದ ಕಲ್ಲಿನ ರಾಶಿಯಿತ್ತು, ಅದಕ್ಕೆ ಮೂಗು ಹತ್ತಿರ ಹಿಡಿದಳು. ಮೇಟಗಳ್ಳಿಯಲ್ಲಿ ನಾವು ಅಷ್ಟು ವರ್ಷ ಮೂಗು ಮುಚ್ಚಿಕೊಂಡಿದ್ದ ಅದೇ ವಾಸನೆ.

"ವಾಸ್ನೆ ದೋಣೀದಲ್ಲ ಮೇಷ್ಟ್ರೇ, ಕಲ್ಲಿಂದೇ" ಎಂದಳು. ದಂಡೆಗೆ ವಾಪಸು ಬರುವಾಗ ಇನ್ನೊಂದು ಮಾತು ಹೇಳಿದಳು. "ನಾನ್ ಅಲ್ಲಿ ಗೂಡ್ ತಟ್ಟಿ ಎದ್ ಬನ್ನಿ ಅಂತಿದ್ದೆ. ಇವು ಇಲ್ಲೇ ಎದ್ ಬಂದ್ಬುಟ್ಟಿದ್ವು." ಕಾಯಿಯನ್ನು ಒಡೆಯದೆ ಹಾಗೇ ಮೈಸೂರಿಗೆ ತಂದಳು.

ಊರಿಗೆ ಬಂದ ಮಾರನೆಯ ಸಂಜೆ ನಾನು ಮೇಟಗಳ್ಳಿಗೆ ಹೋದೆ. ಗೂಡು ಬಾಯಿತನಕ ತುಂಬಿತ್ತು. ಸುಂದರಮ್ಮ ಹಿಟ್ಟಿನ ಗೆರೆಯನ್ನೂ ಹಾಕಿಟ್ಟಿದ್ದಳು. ಅವಳಿಗೆ ಆಗಲೇ ಮದುವೆಯಾಗಿತ್ತು. ಗಂಡ ದೇವರಾಜು ಮಿಲ್ಲಿನ ಕೆಲಸಗಾರ, ಇಬ್ಬರೂ ಅವ್ವನ ಜೊತೆಗೇ ಇದ್ದರು. ಬೋರಮ್ಮ ಕೋಲು ಹಿಡಿದು ಗೋಡೆಗೆ ಒಂದು ಸಲ ತಟ್ಟಿದಳು. ಬಾಯಿ ತೆರೆದಳು. ಕೂಗದೆ ಕೋಲು ಕೆಳಗಿಳಿಸಿದಳು.

"ಕೂಗವ್ವ, ಕತ್ಲಾಯ್ತದೆ" ಎಂದಳು ಸುಂದರಮ್ಮ.

"ಯಾರ್ನ ಕೂಗ್ಲಿ?"

ಕಡಲಲ್ಲಿ ಕಂಡದ್ದನ್ನೆಲ್ಲ ಮಗಳಿಗೆ ಬೆಳಿಗ್ಗೆಯೇ ಹೇಳಿದ್ದಳು. ಸುಂದರಮ್ಮನಿಗೆ ರೇಗಿತು. "ಅವ್ವಾ, ಇವು ಸತ್ತು ವರ್ಸ ಆಗದೆ. ನೀನ್ ಸುಡ್ದೇ ಇದ್ರೆ ಎದ್ ಕೂತ್ಕೊಂಡ್ಬುಡ್ತವಾ? ಛತ್ರದೋರ್ಗೆ ಏನಂತ ಯೋಳನಾ?"

ನಾನು ಸುಂದರಮ್ಮನ ಪಕ್ಷವೇ ವಹಿಸಿದೆ. ಅವಳ ಮಾತು ನ್ಯಾಯವಾಗಿತ್ತು. ತಂದದ್ದನ್ನು ಈ ಸಲ ಸುಟ್ಟುಬಿಡಿ, ಇನ್ನು ಮುಂದೆ ತರಿಸಬೇಡಿ ಎಂದೆ.

"ಇದ್ ಸುಟ್ರೆ ಸಿದ್ದಮಲ್ಲಪ್ನೋರ್ ಗೋಡೆ ಪಳಪಳ ಅಂತದೆ" ಎಂದಳು ಬೋರಮ್ಮ. "ಅದ್ನ ನೋಡಿ ಇನ್ನೊಬ್ರು ಕೇಳ್ತಾರೆ. ಜವರಯ್ಯ ಇನ್ನೊಂದ್ ಲೋಡ್ ತತ್ತಾನೆ. ನಮ್ಮತ್ತೆ ಜೀವ ಬೇಯಬಾರ್ದು ಅಂದ್ರು ಮೇಷ್ಟ್ರೇ, ಸಾಯ್ಸಿ ತಂದು ಬೇಯ್ಸು ಅನ್ನಿಲ್ಲ." ಅಷ್ಟು ಹೇಳಿ ಗೂಡಿನ ಬಾಯಿಯ ಮುಂದೆ ನೆಲದಲ್ಲೇ ಕುಳಿತಳು. "ಮಾತ್ ಉಳಿಸ್ಕೊಂಡಿವ್ನಿ ಅಂತ ಊರೆಲ್ಲಾ ಜಂಬ ಕೊಚ್ಚಿದೆ. ಇಷ್ಟ್ ವರ್ಸ ಬೇಯ್ಸಿದ್ದೇ ಜೀವಾನ" ಎಂದು ಅತ್ತಳು.

ಮರುದಿನ ಗೂಡು ಬಿಚ್ಚಿಸಿದಳು. ಕಲ್ಲನ್ನು ಕಡಲಿಗೇ ವಾಪಸು ಒಯ್ಯಬಹುದೇ ಎಂದು ಜವರಯ್ಯನನ್ನು ಕೇಳಿದಳು. "ಸತ್ತೋಗಿರೋದ್ನ ಎತ್ಕೊಂಡೋಗಿ ಏನ್ ಮಾಡ್ಲಿ ಬೋರವ್ವ?" ಎಂದು ಅವನು ನಕ್ಕ. ಕೊನೆಗೆ ಒಂದೊಂದಾಗಿ ಹೊತ್ತು ಹೊಂಗೆ ಮರದ ಬುಡದಲ್ಲಿ ಒಟ್ಟಿದಳು. ಸಿದ್ದಮಲ್ಲಪ್ಪನವರು ಒಳ್ಳೆಯ ಮನುಷ್ಯ, ತಾವೇ ಬಂದು ಕೇಳಿಕೊಂಡರು. ಊರ ಕಲ್ಲಿನ ಸುಣ್ಣ ಎಷ್ಟು ಬೇಕಾದರೂ ಕೊಡುತ್ತೇನೆ, ಅದು ಮಾತ್ರ ಕೇಳಬೇಡಿ ಎಂದಳು. ಛತ್ರದ ಗೋಡೆಗೆ ಸಿಮೆಂಟು ಬಂತು. ಒಬ್ಬರ ಹಿಂದೆ ಒಬ್ಬರು ಗಾರೆಯವರೂ ಬಿಟ್ಟರು. ಸುಂದರಮ್ಮ ಮುನಿಸಿಕೊಂಡು ಗಂಡನೊಂದಿಗೆ ಬೇರೆ ಮನೆ ಮಾಡಿದಳು, ಯುಗಾದಿಗೂ ಅವ್ವನ ಮನೆ ಹೊಸ್ತಿಲು ತುಳಿಯಲಿಲ್ಲ. ನನ್ನ ಡಬ್ಬಿಗೂ ಆ ಬೂದಿ ಸುಣ್ಣವೇ ಬಿತ್ತು. ನಾಲಿಗೆ ಸುಟ್ಟುಕೊಂಡು ಒಂದು ಭಾನುವಾರ ಸಿಟ್ಟಿನಲ್ಲೇ ಕೇಳಿದೆ.

"ನೀವು ಬೇಡ ಅಂದ ಮಾತ್ರಕ್ಕೆ ಸಮುದ್ರ ಉಳಿಯಿತೇ? ಅದೇ ಕಲ್ಲು ಈಗ ಬೋಗಾದಿಗೆ ಹೋಗುತ್ತಿದೆ. ಏನು ಉಳಿಸಿದ ಹಾಗಾಯಿತು?"

"ನನ್ ಗೂಡಿನಷ್ಟು" ಎಂದಳು. ಡಬ್ಬಿಯನ್ನು ನನ್ನ ಕೈಗಿಟ್ಟು, "ಬೋಗಾದೀಗೂ ಓಗ್ ಬರನ ಬುಡಿ" ಎಂದಳು.

ಅದಕ್ಕೆ ಮುಂಚೆ ನನಗೊಂದು ಕೆಲಸ ಹಚ್ಚಿದಳು. ಗೂಡಿನ ರಸ್ತೆ ಕಡೆಯ ಗೋಡೆಗೆ ಆ ಮೀನುಗಳನ್ನು ಬರೆದುಕೊಡಬೇಕು, ಹೋಗಿಬರುವವರೆಲ್ಲ ನೋಡಬೇಕು. ನಾಲ್ಕು ಭಾನುವಾರ ಕುಳಿತು ಬರೆದೆ. ಹಳದಿ ಮೀನು, ಗೆರೆ ಮೀನು, ಗಿಣಿ ಬಾಯಿಯದು, ಅವುಗಳ ಕೆಳಗೆ ಬಣ್ಣ ಬಣ್ಣದ ಕಲ್ಲು. ಚೆನ್ನಾಗಿ ಬಂದಿದೆ ಎಂದು ಬೀಗುತ್ತಿರುವಾಗಲೇ ದಾರಿಹೋಕನೊಬ್ಬ ಚೀಲ ಹಿಡಿದು ಬಂದು, "ಮೀನ್ ಎಂಗಮ್ಮಾ ಸೇರು?" ಎಂದು ಕೇಳಿದ. ಮೇಟಗಳ್ಳಿಯವರೆಲ್ಲ ನಕ್ಕರು. ಬೋರಮ್ಮ ನಗಲಿಲ್ಲ. ಅವನನ್ನು ಕೂರಿಸಿ ನೀರು ಕೊಟ್ಟು, ಆ ಮೀನು ಎಲ್ಲಿಯದು, ಅದರ ಮನೆ ಏನಾಯಿತು ಎಂದು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಹಾಗೆ ಮೀನು ಕೇಳಿಕೊಂಡು ಬಂದವರೆಲ್ಲ ಕಥೆ ಕೇಳಿಕೊಂಡು ಹೋದರು.

ಬೋಗಾದಿಗೆ ಜವರಯ್ಯನ ಲಾರಿ ಬಂದಿದೆಯೆಂದು ತಿಳಿದ ದಿನ ನಾನು ಸೈಕಲ್ ತಳ್ಳಿಕೊಂಡು ಜೊತೆಗೆ ಹೋದೆ. ನಿಂಗಯ್ಯನ ಗೂಡಿನ ಮುಂದೆ ಹಸಿ ಕಲ್ಲಿನ ರಾಶಿ ನಾರುತ್ತಿತ್ತು. ಅವಳು ಹೇಳುವುದನ್ನೆಲ್ಲ ನಿಂಗಯ್ಯ ಕೇಳಿ, "ನೀನ್ ಎಸ್ರು ಮಾಡ್ಕೊಂಡ್ಮೇಲೆ ನಮ್ಗೆ ಬುದ್ದಿ ಯೋಳಕ್ ಬಂದ್ಯಾ ಅಕ್ಕಾ?" ಎಂದ. ಬೋರಮ್ಮ ರಾಶಿಯಿಂದ ಒಂದು ಕಲ್ಲೆತ್ತಿಕೊಂಡು ಸುತ್ತಿಗೆಯಿಂದ ಎರಡು ಹೋಳು ಮಾಡಿ, ಒಳಮೈಯನ್ನು ಅವನ ಮೂಗಿಗೆ ಹಿಡಿದಳು.

"ಮೂಸು."

ನಿಂಗಯ್ಯ ಮುಖ ತಿರುಗಿಸಿಕೊಂಡ.

"ದೋಣಿ ವಾಸ್ನೆ ಆದ್ರೆ ಮೇಲ್ಗಡೆ ಇರ್ಬೇಕು. ಒಳೀಕೆ ಎಂಗಪ್ಪಾ ಬಂತು? ನಾವ್ ಉಟ್ದಾಗ್ನಿಂದ ಕಲ್ ಸುಟ್ಟಿದೀವಿ ಅಂತೀವಲ್ಲ, ಕಲ್ಲು ಎಲ್ಲಾದ್ರೂ ಕೊಳೀತದಾ ನಿಂಗಯ್ಯ?"

ಅವನು ಆ ಹೋಳನ್ನು ಇಸಿದುಕೊಂಡು ರಾಶಿಯ ಮೇಲಿಟ್ಟ. "ಒಟ್ಟೆಪಾಡು ಆಗ್ಬೇಕಲ್ಲಕ್ಕಾ" ಎಂದ. ಅದು ಸುಳ್ಳಲ್ಲ, ಅವಳಿಗೂ ಗೊತ್ತಿತ್ತು. ನಾವು ಹಿಂದಿರುಗಿದೆವು. ಆ ಲೋಡನ್ನು ನಿಂಗಯ್ಯ ಸುಟ್ಟ. ಆದರೆ ಹಿಂದಿನ ಸಂಜೆ ಹಿಟ್ಟು ಉದುರಿಸಲು ಹೋದರೆ ಕೈ ಬರಲಿಲ್ಲವಂತೆ. ಮುಂದಿನ ಸಲ ಜವರಯ್ಯ ಕೇಳಿದಾಗ ಬೇಡ ಎಂದುಬಿಟ್ಟ. ಬೆಟ್ಟದ ಬುಡದ ಗೂಡನ್ನು ನಿಲ್ಲಿಸಿದ್ದು ಬೋರಮ್ಮನಲ್ಲ, ಸಿಮೆಂಟು. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಅಂತೂ ಕೊಳ್ಳುವವರಿಲ್ಲದೆ ಸಮುದ್ರದ ಕಲ್ಲಿನ ಲಾರಿ ಮೈಸೂರಿಗೆ ಬರುವುದು ನಿಂತಿತು.

ಅರವತ್ತನಾಲ್ಕರ ಕೊನೆಯಲ್ಲಿ ರಾಮೇಶ್ವರದ ಕಡೆ ದೊಡ್ಡ ಚಂಡಮಾರುತ ಬಂದು ಧನುಷ್ಕೋಟಿ ಕೊಚ್ಚಿಹೋಯಿತೆಂದು ಪೇಪರಿನಲ್ಲಿ ಬಂತು. ಎಂದೂ ನಮ್ಮ ಮನೆಗೆ ಬಾರದ ಬೋರಮ್ಮ ಅಂದು ನಡೆದು ಬಂದು ಜಗಲಿಯ ಮೇಲೆ ಕುಳಿತಳು. ತಾಯಿ ಕೊಟ್ಟ ಕಾಫಿ ಆರಿಹೋಯಿತು.

"ಆ ಮುದ್ಕಪ್ಪ?" ಎಂದಳು.

ನನಗೆ ಹೇಗೆ ಗೊತ್ತಾಗಬೇಕು? ಗೊತ್ತಿಲ್ಲ ಎಂದೆ.

"ಬೇಲಿ ಅಂದಿದ್ನಲ್ವಾ ಮೇಷ್ಟ್ರೇ. ಆ ಬೇಲೀಲಿ ನಾನೂ ಒಂದಷ್ಟ್ ಕಿತ್ತಿವ್ನಿ."

ಅಂಥ ಅಲೆಯನ್ನು ಯಾವ ಬೇಲಿಯೂ ತಡೆಯಲಾರದು, ನಿಮ್ಮ ನಾಲ್ಕು ಲೋಡಿನಿಂದ ಏನೂ ಆಗಿಲ್ಲ ಎಂದು ಸಮಾಧಾನ ಹೇಳಿದೆ. "ಇರ್ಬೋದು" ಎಂದು ಎದ್ದು ಹೋದಳು. ನಾನು ಹೇಳಿದ್ದು ನಿಜವೇ ಇರಬೇಕು. ಆದರೂ ಅವಳ ಬೆನ್ನು ನೋಡುತ್ತ ನಿಂತಾಗ ನನ್ನ ಸಮಾಧಾನ ನನಗೇ ಹಗುರವೆನ್ನಿಸಿತು.

ಅದಾದ ಮೇಲೆ ಅವಳು ಹೆಚ್ಚು ಕಾಲ ಬದುಕಲಿಲ್ಲ. ಗಂಡನನ್ನು ಒಯ್ದ ಎದೆಯ ಕಾಯಿಲೆಯೇ ಅವಳಿಗೂ ಬಂತು. ಗೂಡು ತಣ್ಣಗಾಯಿತು. ಸುದ್ದಿ ತಿಳಿದು ಸುಂದರಮ್ಮ ಮುನಿಸು ಮರೆತು ಬಂದು ಅವ್ವನ ಹತ್ತಿರವೇ ಉಳಿದಳು. ನಾನು ಹೋದಾಗ ಬೋರಮ್ಮ ಜಗಲಿಯಲ್ಲಿ ಮಲಗಿ ಹೊಂಗೆ ಮರದ ಕಡೆ ನೋಡುತ್ತಿದ್ದಳು. ಬುಡದಲ್ಲಿದ್ದ ಸಮುದ್ರದ ಕಲ್ಲುಗಳ ತೂತಿನಲ್ಲಿ ಇರುವೆ, ಹಲ್ಲಿ ಸೇರಿಕೊಂಡಿದ್ದವು. ಅಡಿಯಲ್ಲೊಂದು ಮುಂಗುಸಿ ಮರಿ ಹಾಕಿತ್ತು. "ಮನೆ ಖಾಲಿ ಇಲ್ಲ, ನೋಡಿ" ಎಂದು ನನಗೆ ಬೆರಳು ತೋರಿಸಿದಳು. ಸುಂದರಮ್ಮ ಅವ್ವನ ಕಾಲೊತ್ತುತ್ತ ಆ ಕಡೆಯೇ ನೋಡುತ್ತಿದ್ದಳು.

ಅವಳು ಹೋದ ದಿನ ಗೂಡಿಗೆಂದು ಒಟ್ಟಿದ್ದ ಸೌದೆಯನ್ನೇ ಸ್ಮಶಾನಕ್ಕೆ ಸಾಗಿಸಿದರು. ನಿಂಗಯ್ಯ ಬೋಗಾದಿಯಿಂದ ಬಂದಿದ್ದ. ಚಿತೆ ಒಟ್ಟಿ ಹೆಣವನ್ನು ಮಲಗಿಸಿಯಾಗಿತ್ತು, ಗಂಡು ಮಕ್ಕಳಿಲ್ಲದ್ದರಿಂದ ಅಳಿಯ ದೇವರಾಜು ಕೊಳ್ಳಿ ಹಿಡಿದು ನಿಂತಿದ್ದ. ಆಗ ದಾರಿಯಲ್ಲಿ ಸುಂದರಮ್ಮ ಬರುವುದು ಕಾಣಿಸಿತು. ಕೈಯಲ್ಲಿ ಮೊರವಿತ್ತು.

"ಎಂಗಸ್ರು ಇಲ್ಲೀಗ್ ಬರಬಾರ್ದು ಕಣಮ್ಮ" ಎಂದರು ಊರಿನ ಹಿರಿಯರೊಬ್ಬರು. ಅವಳು ಅವರನ್ನು ದಾಟಿಕೊಂಡು ಮುಂದೆ ಬಂದಳು. ಚಿತೆಯ ಬುಡದಿಂದ ಸ್ಮಶಾನದ ಬೇಲಿಯವರೆಗೆ ರಾಗಿ ಹಿಟ್ಟನ್ನು ಸಣ್ಣ ಗೆರೆಯಾಗಿ ಉದುರಿಸಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೋಲು ತೆಗೆದುಕೊಂಡು ಸೌದೆಯನ್ನು ಸುತ್ತಲೂ ತಟ್ಟುತ್ತ ಕೂಗಿದಳು.

"ಜೀವ ಇರೋವೆಲ್ಲಾ ಎದ್ ಬನ್ರಪ್ಪಾ..."

ಆ ಕೂಗು ಕೇಳಿ ನನಗೆ ಚಿತೆಯ ಮೇಲಿನ ಮುಖವನ್ನು ನೋಡದೆ ಇರಲಾಗಲಿಲ್ಲ. ಅಲ್ಲಿ ನಿಂತವರೆಲ್ಲ ಅದನ್ನೇ ನೋಡುತ್ತಿದ್ದರು. ಬೆಂಕಿ ಎನ್ನುವ ಮಾತು ಸುಂದರಮ್ಮನ ಬಾಯಿಂದ ಬರಲಿಲ್ಲ.

ಸೌದೆಯ ಸಂದಿಯಿಂದ ಒಂದು ಇರುವೆ ಬಂತು. ಅದರ ಹಿಂದೆ ಇನ್ನೊಂದು, ಆಮೇಲೆ ಸಾಲಾಗಿ, ಹಿಟ್ಟು ಕಚ್ಚಿಕೊಂಡು ಗೆರೆಯ ಮೇಲೆ ಹೊರಟವು. ದೇವರಾಜು ಕೊಳ್ಳಿ ಮುಂದಕ್ಕೆ ಚಾಚಿದ. ನಿಂಗಯ್ಯ ಅವನ ತೋಳು ಹಿಡಿದು, "ತಡಿಯಪ್ಪಾ" ಎಂದ. ಬಿಸಿಲು ಏರುತ್ತಿತ್ತು. ಕೊನೆಯ ಇರುವೆ ಬೇಲಿ ಸೇರುವವರೆಗೂ ನಾವೆಲ್ಲ ಕಾದೆವು.